ಪಿಕಪ್ ಗಾಡಿಯ ಮುಂಭಾಗದ ಪ್ಲೇ: ಹುಡುಕುವುದು, ಬಿಚ್ಚುವುದು, ಸರಿಯಾಗಿ ಕೂರಿಸುವುದು

ಗುಂಡಿ ಹಾರಿದಾಗ ಕಾಲಡಿಯಲ್ಲಿ ‘ಟಕ್’ ಎಂದು ಬಡಿಯುತ್ತದೆ. ನೇರ ರಸ್ತೆಯಲ್ಲೂ ಸ್ಟೇರಿಂಗ್ ತಿದ್ದುತ್ತಲೇ ಇರಬೇಕು. ಹೊಸದಾಗಿ ಹಾಕಿಸಿದ ಟೈರಿನ ಒಳಅಂಚು ಆಗಲೇ ಬೋಳಾಗಿದೆ. ಇಂಥ ಗಾಡಿಯನ್ನು ಹೆಚ್ಚಿನವರು ಮೊದಲು ಒಯ್ಯುವುದು ವೀಲ್ ಅಲೈನ್‌ಮೆಂಟ್ ಅಂಗಡಿಗೆ. ಪರದೆಯ ಮೇಲೆ ಅಂಕಿಗಳೆಲ್ಲ ಹಸಿರಾಗುತ್ತವೆ, ದುಡ್ಡು ಕೊಟ್ಟು ಬರುತ್ತಾರೆ, ಹದಿನೈದು ದಿನಕ್ಕೆ ಮತ್ತೆ ಅದೇ ಎಳೆತ. ಜಾಯಿಂಟಿನಲ್ಲಿ ಪ್ಲೇ, ಅಂದರೆ ಸವೆದು ಬಂದ ಸಡಿಲ ಆಟ, ಇರುವ ಗಾಡಿಗೆ ಮಾಡಿಸಿದ ಅಲೈನ್‌ಮೆಂಟ್ ಆ ಗಾಡಿ ಮೊದಲ ಗುಂಡಿ ಹಾರುವವರೆಗೆ ಮಾತ್ರ. ಇನ್ನೊಂದು ತಪ್ಪು ಇದಕ್ಕೆ ತದ್ವಿರುದ್ಧ: ಎಲ್ಲಿ ಪ್ಲೇ ಇದೆ ಎಂದು ನೋಡದೆ ಟೈ ರಾಡ್ (ಚಕ್ರ ತಿರುಗಿಸುವ ರಾಡು), ಬಾಲ್ ಜಾಯಿಂಟ್ (ಗುಂಡುತಲೆಯ ಕೀಲು), ಬುಶ್ (ಕೀಲಿನೊಳಗಿನ ಕೊಳವೆ) ಎಲ್ಲವನ್ನೂ ಒಟ್ಟಿಗೆ ಬದಲಿಸುವುದು. ಹಾಗೆ ಮಾಡಿದಾಗ ಚೆನ್ನಾಗಿದ್ದ ಕಂಪನಿ ಜಾಯಿಂಟ್ ಹೋಗಿ ಕಳಪೆ ಜಾಯಿಂಟ್ ಬಂದಿರುವುದೂ ಉಂಟು. ಈ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಹುಡುಕುವುದರಲ್ಲೇ. ಪಾನಾ ಹಿಡಿಯುವುದು ಆಮೇಲೆ.

ಮೊದಲು ಕೆಳಗೆ ಬಗ್ಗಿ ನೋಡಿ

ಪಿಕಪ್‌ಗಳ ಮುಂಭಾಗ ಮುಖ್ಯವಾಗಿ ಎರಡು ಬಗೆ. ಇಸುಜು ಡಿ-ಮ್ಯಾಕ್ಸ್, ಟೊಯೋಟಾ ಹೈಲಕ್ಸ್ ಥರದವುಗಳಲ್ಲಿ ಪ್ರತಿ ಚಕ್ರಕ್ಕೂ ಅದನ್ನು ಚಾಸಿಗೆ ಸೇರಿಸುವ ಅಪ್ಪರ್ ಆರ್ಮ್, ಲೋವರ್ ಆರ್ಮ್, ನಡುವೆ ಕಾಯಿಲ್ ಸ್ಪ್ರಿಂಗ್ ಇರುತ್ತದೆ. ಸ್ಟೇರಿಂಗ್ ಕೆಲಸ ಹಲ್ಲಿರುವ ದಂಡವಾದ ರ‍್ಯಾಕ್‌ನದು. ಹಳೆಯ ಜೀಪು ಮಾದರಿಯ ಗಾಡಿಗಳಲ್ಲಿ ಎರಡೂ ಚಕ್ರಕ್ಕೆ ಒಂದೇ ಆಕ್ಸಲ್, ಅದರ ಕೆಳಗೋ ಮೇಲೋ ಲೀಫ್ ಸ್ಪ್ರಿಂಗ್ ಪ್ಲೇಟುಗಳು. ಅಲ್ಲಿ ಸ್ಟೇರಿಂಗ್ ಬಾಕ್ಸ್‌ನಿಂದ ಹೊರಟ ರಾಡುಗಳು ಚಕ್ರ ತಿರುಗಿಸುತ್ತವೆ. ಇವೆರಡರ ನಡುವಿನ ಮಾದರಿಯೂ ಇದೆ: ಆರ್ಮ್‌ಗಳಿದ್ದರೂ ಕಾಯಿಲ್ ಬದಲು ಚಾಸಿಗೆ ಸಮಾನಾಂತರವಾಗಿ ಹಿಂದಕ್ಕೆ ಹೋಗುವ, ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಟಾರ್ಶನ್ ಬಾರ್. ನಿಮ್ಮ ಗಾಡಿಯದು ಯಾವುದು, ಸ್ಪ್ರಿಂಗಿನ ಭಾರ ಯಾವ ಆರ್ಮ್ ಮೇಲೆ ಕೂತಿದೆ ಎಂಬುದನ್ನು ಗುರುತಿಸಿಕೊಳ್ಳಿ. ಮುಂದೆ ಜಾಕ್ ಎಲ್ಲಿ ಕೊಡಬೇಕು ಎನ್ನುವುದು ಇದರಿಂದಲೇ ತೀರ್ಮಾನವಾಗುತ್ತದೆ.

ಹಾಗೇ ಡಸ್ಟ್ ಕವರ್‌ಗಳನ್ನೂ ನೋಡಿ. ಬಾಲ್ ಜಾಯಿಂಟ್ ತಾನಾಗಿ ಸವೆಯುವುದು ಕಡಿಮೆ, ಅದರ ರಬ್ಬರ್ ಕವರ್ ಹರಿದ ಮೇಲೆ ಸವೆಯುವುದೇ ಹೆಚ್ಚು. ಸಂಡೂರು ಕಡೆಯ ಅದಿರು ಧೂಳು ಒಳಹೊಕ್ಕರೆ ಗ್ರೀಸ್ ಜೊತೆ ಸೇರಿ ಅರೆಯುವ ಪೇಸ್ಟ್ ಆಗುತ್ತದೆ. ಮಲೆನಾಡಿನ ಎಸ್ಟೇಟ್ ರಸ್ತೆಯ ಕೆಸರುನೀರು ಹೊಕ್ಕರೆ ಬಾಲ್ ತುಕ್ಕು ಹಿಡಿದು, ಆ ತುಕ್ಕು ಒಳಗಿನ ಪ್ಲಾಸ್ಟಿಕ್ ಲೈನರನ್ನು ಕೆರೆದು ತೆಗೆಯುತ್ತದೆ. ಬಿಚ್ಚಿದ ಹಳೆಯ ಜಾಯಿಂಟನ್ನು ಒಮ್ಮೆ ಕತ್ತರಿಸಿ ನೋಡಿ: ಗ್ರೀಸ್ ಗಟ್ಟಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ, ಗುಂಡಗಿರಬೇಕಾದ ಬಾಲ್‌ನ ಒಂದು ಮಗ್ಗುಲು ಹೊಳೆಯುತ್ತ ಚಪ್ಪಟೆಯಾಗಿರುತ್ತದೆ. ಪ್ಲೇ ಇಲ್ಲದಿದ್ದರೂ ಕವರ್ ಹರಿದ ಜಾಯಿಂಟ್‌ಗೆ ಹೆಚ್ಚು ಆಯುಸ್ಸಿಲ್ಲ.

ಟೈರಿನ ಮೇಲೆ ಅಂಗೈ ಅಡ್ಡಡ್ಡ ಸವರಿ. ಒಂದು ದಿಕ್ಕಿಗೆ ನುಣ್ಣಗೆ, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ ಟೋ, ಅಂದರೆ ಮುಂಚಕ್ರಗಳು ಒಳಕ್ಕೋ ಹೊರಕ್ಕೋ ನೋಡುವ ಓರೆ, ತಪ್ಪಿದೆ. ಒಂದೇ ಚಕ್ರದ ಒಳಅಂಚು ಮಾತ್ರ ಸವೆದಿದ್ದರೆ ಆ ಬದಿಯ ಬಾಲ್ ಜಾಯಿಂಟ್ ಅಥವಾ ಆರ್ಮ್ ಬುಶ್ ಮೇಲೆ ಅನುಮಾನ ಇಡಿ. ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ, ಇಲ್ಲವೇ ಎಲ್ಲೋ ಪ್ಲೇ ಇದೆ. ಎರಡೂ ಅಂಚು ಸಮನಾಗಿ ಸವೆದಿದ್ದರೆ ಗಾಳಿ ಕಡಿಮೆ ಹಾಕಿ ಓಡಿಸಿದ್ದಾರೆ, ಅದಕ್ಕೂ ಜಾಯಿಂಟಿಗೂ ಸಂಬಂಧವಿಲ್ಲ.

ಚಕ್ರ ನೆಲದ ಮೇಲಿರುವಾಗ

ಸ್ಟೇರಿಂಗ್ ಜಾಯಿಂಟುಗಳನ್ನು ಗಾಡಿ ಎತ್ತದೆಯೇ ಪರೀಕ್ಷಿಸಬೇಕು, ಏಕೆಂದರೆ ಟೈರು ನೆಲ ಕಚ್ಚಿ ಹಿಡಿದಾಗಲೇ ಪ್ಲೇ ಬಯಲಾಗುವುದು. ಹ್ಯಾಂಡ್ ಬ್ರೇಕ್ ಎಳೆದು, ಹಿಂಚಕ್ರಗಳ ಹಿಂದೆ ಮುಂದೆ ಕಲ್ಲು ಕೊಟ್ಟು, ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ ಇಡಿ. ಒಬ್ಬರು ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ನಾಲ್ಕು ಬೆರಳಿನಷ್ಟು ಮಾತ್ರ, ಒಂದೇ ಲಯದಲ್ಲಿ ಅಲ್ಲಾಡಿಸುತ್ತಿರಲಿ. ಪೂರ್ತಿ ತಿರುಗಿಸಿದರೆ ಪ್ರಯೋಜನವಿಲ್ಲ.

ನೀವು ಕೆಳಗಿನಿಂದ ಒಂದೊಂದೇ ಜಾಯಿಂಟ್ ಮೇಲೆ ಕೈಯಿಡಿ. ಹೆಬ್ಬೆರಳು ಅರ್ಧ ರಾಡ್ ಮೇಲೆ, ಅರ್ಧ ಅದು ಸೇರುವ ನಕಲ್ (ಚಕ್ರದ ಹಬ್ ಹೊತ್ತು ತಿರುಗುವ ಭಾಗ) ಮೇಲೆ ಇರಲಿ. ಎರಡೂ ಒಟ್ಟಿಗೆ ಸರಿದರೆ ಜಾಯಿಂಟ್ ಗಟ್ಟಿ. ರಾಡ್ ಮೊದಲು ಸರಿದು, ಕೂದಲೆಳೆಯಷ್ಟು ತಡವಾಗಿ ನಕಲ್ ಸರಿದರೆ ಬೆರಳಿನ ತುದಿಗೆ ‘ಟಿಕ್’ ಎಂದು ತಾಗುತ್ತದೆ. ಕಣ್ಣಿಗೆ ಕಾಣದ ಪ್ಲೇ ಹೀಗೆ ಕೈಗೆ ಸಿಗುತ್ತದೆ. ಟೈ ರಾಡ್ ಎಂಡ್ ಪಕ್ಕಕ್ಕೆ ಸ್ವಲ್ಪ ಆಡಿದರೂ ಅದು ಹೋಗಿದೆ ಎಂದೇ ಲೆಕ್ಕ. ರ‍್ಯಾಕ್ ಇರುವ ಗಾಡಿಯಲ್ಲಿ ಅಕಾರ್ಡಿಯನ್‌ನಂತಿರುವ ರಬ್ಬರ್ ಬೂಟನ್ನು ಹಿಂಡಿ ಹಿಡಿದು ಒಳಗಿನ ರ‍್ಯಾಕ್ ಎಂಡ್ ಅನ್ನೂ ಹೀಗೆಯೇ ನೋಡಿ. ಸ್ಟೇರಿಂಗ್ ಬಾಕ್ಸ್ ಇರುವ ಗಾಡಿಯಲ್ಲಿ ಬಾಕ್ಸ್‌ನ ಎದುರು ಬದಿ ಚಾಸಿಗೆ ಕೂತಿರುವ ಐಡ್ಲರ್ ಆರ್ಮ್ ಇದ್ದರೆ ಅದನ್ನು ಮರೆಯಬೇಡಿ. ಅದು ಮೇಲೆ ಕೆಳಗೆ ಕುಣಿದರೆ ಎರಡೂ ಚಕ್ರದ ಟೋ ರಸ್ತೆಯ ಪ್ರತಿ ಉಬ್ಬಿಗೂ ಬದಲಾಗುತ್ತದೆ, ಎಷ್ಟು ಅಲೈನ್‌ಮೆಂಟ್ ಮಾಡಿಸಿದರೂ ನಿಲ್ಲುವುದಿಲ್ಲ. ಸ್ಟೇರಿಂಗ್ ಬಾಕ್ಸ್ ಮೇಲಿನ ಸ್ಕ್ರೂ ಬಿಗಿ ಮಾಡುವುದನ್ನು ಕೊನೆಗಿಡಿ. ರಾಡಿನ ಪ್ಲೇಯನ್ನು ಮರೆಮಾಚಲು ಅದನ್ನು ಬಿಗಿ ಮಾಡಿದರೆ ನಡುಭಾಗದಲ್ಲಿ ಗೇರ್ ಸವೆದು, ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದೇ ನಿಂತುಹೋಗುತ್ತದೆ.

ಗಾಡಿ ಎತ್ತಿದ ಮೇಲೆ

ಗಟ್ಟಿ ನೆಲ, ಚಾಸಿಯ ಕೆಳಗೆ ಸ್ಟ್ಯಾಂಡ್. ಇಟ್ಟಿಗೆ, ಹಾಲೋ ಬ್ಲಾಕ್ ಮೇಲೆ ನಿಲ್ಲಿಸಿದ ಗಾಡಿಯ ಕೆಳಗೆ ತಲೆ ಹಾಕಬೇಡಿ; ಅವು ಬಿರುಕು ಬಿಟ್ಟು ಎಚ್ಚರಿಸುವುದಿಲ್ಲ, ಒಮ್ಮೆಗೇ ಪುಡಿಯಾಗುತ್ತವೆ.

ಬಾಲ್ ಜಾಯಿಂಟ್ ಪರೀಕ್ಷೆಯಲ್ಲಿ ಎಲ್ಲರೂ ಎಡವುವುದು ಜಾಕ್ ಇಡುವ ಜಾಗದಲ್ಲಿ. ಸ್ಪ್ರಿಂಗ್ ಲೋವರ್ ಆರ್ಮ್ ಮೇಲೆ ಕೂತಿರುವ ಗಾಡಿಯನ್ನು ಚಾಸಿಗೆ ಜಾಕ್ ಕೊಟ್ಟು ಎತ್ತಿದರೆ ಆರ್ಮ್ ಕೆಳಗೆ ಜೋತುಬಿದ್ದು, ಸ್ಪ್ರಿಂಗಿನ ಒತ್ತಡಕ್ಕೆ ಜಾಯಿಂಟ್ ಬಿಗಿಯಾಗಿ ಕೂತಿರುತ್ತದೆ. ಪೂರ್ತಿ ಸವೆದ ಜಾಯಿಂಟೂ ಆಗ ಹೊಸದರಂತೆ ಗಟ್ಟಿಯಾಗಿ ಕಾಣುತ್ತದೆ. ಲೋವರ್ ಆರ್ಮ್ ಕೆಳಗೆ, ಬಾಲ್ ಜಾಯಿಂಟ್‌ಗೆ ಆದಷ್ಟು ಹತ್ತಿರ ಜಾಕ್ ಕೊಟ್ಟು ಟೈರು ನೆಲದಿಂದ 50–75 ಮಿ.ಮೀ. ಮೇಲೇಳುವಂತೆ ಮಾಡಿ. ಸ್ಪ್ರಿಂಗಿನ ಭಾರ ಅಪ್ಪರ್ ಆರ್ಮ್ ಮೇಲಿದ್ದರೆ ಲೆಕ್ಕ ಉಲ್ಟಾ: ಅಪ್ಪರ್ ಆರ್ಮ್ ಮತ್ತು ಚಾಸಿಯ ನಡುವೆ ಗಟ್ಟಿ ಮರದ ತುಂಡು ಸಿಕ್ಕಿಸಿ, ಚಾಸಿಗೆ ಜಾಕ್ ಕೊಡಬೇಕು.

ಟೈರಿನ ಕೆಳಗೆ ಸಲಾಕೆ ತೂರಿಸಿ ಮೇಲಕ್ಕೆ ಮೀಟಿ, ಸಹಾಯಕ ಜಾಯಿಂಟನ್ನೇ ನೋಡುತ್ತಿರಲಿ. ಆರ್ಮ್‌ಗೂ ನಕಲ್‌ಗೂ ನಡುವಿನ ಸಂದು ಕಿರಿದಾಗಿ ಹಿಗ್ಗಿದರೆ ಅದೇ ಪ್ಲೇ. ಎಷ್ಟು ಪ್ಲೇ ಸಹಿಸಬಹುದು ಎಂಬ ಮಿತಿ ಗಾಡಿಯಿಂದ ಗಾಡಿಗೆ ಬೇರೆ. ಕೆಲವಕ್ಕೆ ಅಲ್ಪ ಅವಕಾಶವಿದೆ, ಹಲವಕ್ಕೆ ಸೊನ್ನೆ. ಸರ್ವಿಸ್ ಮ್ಯಾನುಯಲ್ ನೋಡಿ, ಡಯಲ್ ಗೇಜ್ ಇದ್ದರೆ ಅಳೆಯಿರಿ.

ಆಮೇಲೆ ಟೈರನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿ. ಅಲುಗಿದರೆ ಬಾಲ್ ಜಾಯಿಂಟೋ, ಕಿಂಗ್ ಪಿನ್ನೋ (ಹಳೆಯ ಮಾದರಿಯಲ್ಲಿ ಚಕ್ರ ಎಡಬಲ ತಿರುಗಲು ಆಧಾರವಾದ ನಿಲುವಿನ ಪಿನ್), ವೀಲ್ ಬೇರಿಂಗೋ ಎಂದು ಬೇರ್ಪಡಿಸಲು ಸುಲಭದ ದಾರಿ ಇದೆ: ಒಬ್ಬರು ಬ್ರೇಕ್ ಪೆಡಲ್ ಒತ್ತಿ ಹಿಡಿಯಲಿ. ಪ್ಲೇ ಮಾಯವಾದರೆ ಅದು ಬೇರಿಂಗ್‌ನದು. ಹಾಗೇ ಉಳಿದರೆ ಜಾಯಿಂಟ್ ಅಥವಾ ಕಿಂಗ್ ಪಿನ್‌ನದು. 9 ಮತ್ತು 3ರ ಜಾಗದಲ್ಲಿ ಮಾತ್ರ ಅಲುಗಿದರೆ ಅದು ಸ್ಟೇರಿಂಗ್ ಜಾಯಿಂಟಿನದು. ಸಿಕ್ಕಿದ್ದನ್ನೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಪಟ್ಟಿ ಪೂರ್ತಿಯಾಗುವವರೆಗೆ ಒಂದು ನಟ್ಟೂ ಬಿಚ್ಚಬೇಡಿ.

ಸಣ್ಣ ಉಬ್ಬಿಗೆಲ್ಲ ಗಡಗಡ ಶಬ್ದ ಬಂದು ಸ್ಟೇರಿಂಗ್ ಮಾತ್ರ ಸರಿ ಇದ್ದರೆ, ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರ್‌ನ ಲಿಂಕ್ ಮತ್ತು ಅದರ ಬುಶ್ ನೋಡಿ. ಇಡೀ ಮುಂಭಾಗದಲ್ಲಿ ಅತ್ಯಂತ ಅಗ್ಗದ ರಿಪೇರಿ ಅದೇ. ಅದನ್ನು ಬಿಟ್ಟು ಆರ್ಮ್ ಬದಲಿಸಿಕೊಂಡವರು ಬಹಳ.

ಟೈ ರಾಡ್ ಎಂಡ್ ಬದಲಿಸುವುದು

1. ಚಕ್ರ ಬಿಚ್ಚಿ. ಥ್ರೆಡ್‌ಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ಕಾಲು ಗಂಟೆ ಬಿಡಿ.

2. ಲಾಕ್ ನಟ್ ಅನ್ನು ಟೈ ರಾಡ್ ಎಂಡಿಗೆ ಅಂಟಿರುವ ಜಾಗದಿಂದ ಅರ್ಧ ಸುತ್ತಿಗಿಂತ ಹೆಚ್ಚು ಸರಿಸಬೇಡಿ. ಅದು ನಿಂತ ಜಾಗಕ್ಕೆ ರಾಡ್ ಮೇಲೆ ಪೇಂಟ್ ಗುರುತು ಹಾಕಿ.

3. ಸ್ಪ್ಲಿಟ್ ಪಿನ್ ತೆಗೆದು ಕ್ಯಾಸಲ್ ನಟ್ ಸಡಿಲಿಸಿ, ಆದರೆ ಪೂರ್ತಿ ತೆಗೆಯದೆ ಮೂರ್ನಾಲ್ಕು ಥ್ರೆಡ್ ಮೇಲೆ ಉಳಿಸಿ. ಜಾಯಿಂಟ್ ಸಿಡಿದು ಬಿಡಿಸಿಕೊಂಡಾಗ ನಟ್ಟು ಅದನ್ನು ಹಿಡಿಯುತ್ತದೆ.

4. ಪುಲ್ಲರ್ ಹಾಕಿ ಬಿಗಿ ಮಾಡಿ, ನಕಲ್‌ನ ಕಿವಿಗೆ (ಜಾಯಿಂಟಿನ ಪಿನ್ ಕೂರುವ ತೂತಿನ ಭಾಗ) ಪಕ್ಕದಿಂದ ಒಂದು ಪೆಟ್ಟು ಕೊಡಿ. ಪುಲ್ಲರ್ ಇಲ್ಲದಿದ್ದರೆ ಒಂದು ದೊಡ್ಡ ಸುತ್ತಿಗೆಯನ್ನು ಕಿವಿಯ ಒಂದು ಮಗ್ಗುಲಿಗೆ ಒತ್ತಿ ಹಿಡಿದು ಎದುರು ಮಗ್ಗುಲಿಗೆ ಇನ್ನೊಂದರಿಂದ ಹೊಡೆಯಿರಿ. ತೂತು ಕ್ಷಣಕಾಲ ಅದುರಿ ಟೇಪರ್ (ಪಿನ್‌ನ ಕಿರಿದಾಗುತ್ತ ಹೋಗುವ ಭಾಗ) ಬಿಟ್ಟುಕೊಡುತ್ತದೆ. ಪಿನ್‌ನ ತುದಿಗೆ ಹೊಡೆಯುವುದು ಬೇಡ, ಥ್ರೆಡ್ ಮಡಚಿ ನಟ್ಟು ಹೊರಬರುವುದಿಲ್ಲ. ಕವಲು ಸಲಾಕೆ ಬಡಿದು ಬಿಡಿಸಿದರೆ ಡಸ್ಟ್ ಕವರ್ ಹರಿಯುವುದು ಖಚಿತ, ಆದ್ದರಿಂದ ಬಿಸಾಡುವ ಜಾಯಿಂಟಿಗೆ ಮಾತ್ರ ಅದು.

5. ಹಳೆಯದನ್ನು ತಿರುಗಿಸಿ ಬಿಚ್ಚುವಾಗ ಸುತ್ತು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿ. ಈ ಎಣಿಕೆಯನ್ನು ಉದಾಸೀನ ಮಾಡಬೇಡಿ. ಥ್ರೆಡ್ ಅಂತರ 1.5 ಮಿ.ಮೀ., ನಕಲ್‌ನ ಕಿವಿ ಚಕ್ರದ ತಿರುಗುವ ಅಕ್ಷದಿಂದ 140 ಮಿ.ಮೀ., ಟೈರಿನ ವ್ಯಾಸ 700 ಮಿ.ಮೀ. ಎಂದಿಟ್ಟುಕೊಂಡರೆ ಒಂದು ಸುತ್ತಿನ ತಪ್ಪಿಗೆ ಆ ಚಕ್ರದ ಟೋ 7.5 ಮಿ.ಮೀ. ಬದಲಾಗುತ್ತದೆ.

6. ಹೊಸ ಪಿನ್ ಕೂರಿಸುವ ಮುನ್ನ ಟೇಪರ್ ಮೇಲೆ ಉದ್ದುದ್ದಕ್ಕೆ ನಾಲ್ಕು ಮಾರ್ಕರ್ ಗೆರೆ ಎಳೆದು, ತೂತಿಗೆ ಒತ್ತಿ ತಿರುವಿ ತೆಗೆಯಿರಿ. ಗೆರೆ ಉದ್ದಕ್ಕೂ ಅಳಿಸಿದ್ದರೆ ತೂತು ಚೆನ್ನಾಗಿದೆ. ಮೇಲೆ ಕೆಳಗೆ ಮಾತ್ರ ಅಳಿಸಿ ನಡುವೆ ಉಳಿದಿದ್ದರೆ, ಇಲ್ಲವೇ ಪಿನ್ ಕೈಯಲ್ಲೇ ಆಡಿದರೆ, ಹಿಂದೆ ಸಡಿಲವಾಗಿಯೇ ಓಡಿ ತೂತು ಅಗಲವಾಗಿದೆ. ಆಗ ನಕಲ್ ಬದಲಿಸಬೇಕು. ತಗಡಿನ ಚೂರು ಸುತ್ತಿ ಕೂರಿಸಿದ ಟೇಪರ್ ಪಿನ್ ಒಂದು ದಿನ ರಸ್ತೆಯಲ್ಲೇ ಮುರಿಯುತ್ತದೆ.

7. ಟೇಪರ್ ಒಣಗಿ, ಶುದ್ಧವಾಗಿರಲಿ. ಗ್ರೀಸ್ ಹಚ್ಚಬೇಡಿ. ನಟ್ಟನ್ನು ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ಸ್ಪ್ಲಿಟ್ ಪಿನ್ ತೂತು ಸರಿಹೊಂದದಿದ್ದರೆ ಇನ್ನಷ್ಟು ಬಿಗಿ ಮಾಡಿ ಹೊಂದಿಸಿ, ಎಂದೂ ಹಿಂದಕ್ಕೆ ತಿರುಗಿಸಬೇಡಿ. ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದು.

ಲಾಕ್ ನಟ್ಟನ್ನು ಟೋ ಸರಿಮಾಡಿದ ನಂತರ ಪೂರ್ತಿ ಬಿಗಿ ಮಾಡಬೇಕು. ಬಿಗಿ ಮಾಡುವಾಗ ಎಂಡ್ ಅನ್ನು ಇನ್ನೊಂದು ಪಾನಾದಲ್ಲಿ ನೇರ ಹಿಡಿಯದಿದ್ದರೆ ಅದು ಓರೆಯಾಗಿ ನಿಂತು, ಪೂರ್ತಿ ತಿರುವು ತೆಗೆದುಕೊಂಡಾಗ ಬಾಲ್ ಅಂಚಿಗೆ ತಾಗಿ ಬೇಗ ಹಾಳಾಗುತ್ತದೆ.

ಬಾಲ್ ಜಾಯಿಂಟ್

ಬಿಚ್ಚುವ ಮುನ್ನ ಒಂದು ಎಚ್ಚರಿಕೆ: ಸ್ಪ್ರಿಂಗ್ ಅಥವಾ ಟಾರ್ಶನ್ ಬಾರ್ ಕೂತಿರುವ ಆರ್ಮ್ ಕೆಳಗೆ ಜಾಕ್ ಇಲ್ಲದೆ ಆ ಜಾಯಿಂಟ್ ಬಿಡಿಸಿದರೆ ಆರ್ಮ್ ಸಿಡಿದು ಕೆಳಗೆ ಬರುತ್ತದೆ. ಕಾಲು ಮುರಿಯುವಷ್ಟು ಬಲ ಅದರಲ್ಲಿದೆ. ಚಾಸಿಗೆ ಸ್ಟ್ಯಾಂಡ್, ಆರ್ಮ್‌ಗೆ ಜಾಕ್, ಎರಡೂ ಬೇಕು. ಬ್ರೇಕ್ ಕ್ಯಾಲಿಪರ್ ಬಿಚ್ಚಿದ್ದರೆ ಅದನ್ನು ತಂತಿಯಲ್ಲಿ ಚಾಸಿಗೆ ಕಟ್ಟಿ, ಹೋಸ್‌ನಲ್ಲಿ ನೇತುಹಾಕಬೇಡಿ. ಎಬಿಎಸ್ ವೈರು ಎಳೆದುಕೊಳ್ಳದಂತೆ ಮೊದಲೇ ಕ್ಲಿಪ್ ಬಿಡಿಸಿಡಿ.

ಕೆಲವು ಗಾಡಿಯಲ್ಲಿ ಜಾಯಿಂಟ್ ಬೋಲ್ಟ್‌ನಿಂದ ಕೂತಿರುತ್ತದೆ, ಅದು ಸುಲಭ. ಕೆಲವಕ್ಕೆ ಆರ್ಮ್ ಜೊತೆಗೇ ಬರುತ್ತದೆ. ಪ್ರೆಸ್ ಮಾಡಿ ಕೂರಿಸುವ ಬಗೆಯಾದರೆ ಸರ್‌ಕ್ಲಿಪ್ ತೆಗೆದು, ಸಿ-ಕ್ಲ್ಯಾಂಪ್ ಪ್ರೆಸ್ ಅಥವಾ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಹೊರದಬ್ಬಿ. ಕೂರುವ ಗೂಡನ್ನು ಎಮರಿಯಿಂದ ಉಜ್ಜಿ. ಹೊಸದನ್ನು ಒತ್ತುವಾಗ ಬಲ ಬೀಳಬೇಕಾದ್ದು ಅದರ ಸುತ್ತಲಿನ ಭುಜದ ಮೇಲೆ, ತಳದ ಮುಚ್ಚಳದ ಮೇಲಲ್ಲ. ಮುಚ್ಚಳ ಒತ್ತಿದರೆ ಒಳಗಿನ ಲೈನರ್ ಜಜ್ಜಿ, ಹೊಸ ಜಾಯಿಂಟ್ ಮೊದಲ ದಿನವೇ ಬಿಗಿಯಾಗಿ ತಿರುಗುತ್ತದೆ.

ಜಾಯಿಂಟ್ ಕೈಯಿಂದಲೇ ಗೂಡಿಗೆ ಜಾರಿದರೆ ಗೂಡು ಸವೆದಿದೆ. ಇಲ್ಲಿ ಹಲವು ಕಡೆ ಮಾಡುವುದು ನಾಲ್ಕು ಬದಿ ವೆಲ್ಡಿಂಗ್ ಚುಕ್ಕಿ ಹಾಕಿ ಹಿಡಿಸುವುದು. ದಯವಿಟ್ಟು ಮಾಡಿಸಬೇಡಿ. ವೆಲ್ಡಿಂಗ್ ಶಾಖಕ್ಕೆ ಒಳಗಿನ ಪ್ಲಾಸ್ಟಿಕ್ ಲೈನರ್ ಕರಗುತ್ತದೆ, ಗ್ರೀಸ್ ಸುಡುತ್ತದೆ, ಚುಕ್ಕಿಯ ಸುತ್ತ ಕಬ್ಬಿಣ ಪೆಡಸಾಗಿ ಅಲ್ಲಿಂದಲೇ ಬಿರುಕು ಏಳುತ್ತದೆ. ಲೋವರ್ ಜಾಯಿಂಟ್ ಕಳಚಿದರೆ ಚಕ್ರ ಮಡ್‌ಗಾರ್ಡ್ ಕೆಳಗೆ ಮಡಚಿಕೊಳ್ಳುತ್ತದೆ. ಶಿರಾಡಿ, ಚಾರ್ಮಾಡಿಯಂಥ ಘಾಟಿಯಲ್ಲಿ ಲೋಡ್ ಹೊತ್ತು ಇಳಿಯುವ ಗಾಡಿಗೆ ಹಾಗಾದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಳೆಯ ಜಾಯಿಂಟನ್ನು ಬಿಚ್ಚಿ ತುಂಬಿಸಿ ಕೊಡುವ ರಿಪೇರಿಗೂ ಇದೇ ಮಾತು. ಆರ್ಮ್ ಬದಲಿಸಿ.

ಗ್ರೀಸ್ ನಿಪ್ಪಲ್ ಇದ್ದರೆ ಎನ್‌ಎಲ್‌ಜಿಐ 2 ದರ್ಜೆಯ (ಗ್ರೀಸಿನ ಗಟ್ಟಿತನದ ಅಳತೆ) ಲಿಥಿಯಂ ಗ್ರೀಸ್ ಅನ್ನು ಕವರ್ ಸ್ವಲ್ಪ ಉಬ್ಬುವವರೆಗೆ ಮಾತ್ರ ಹೊಡೆಯಿರಿ. ಕವರ್ ಒಡೆಯುವಷ್ಟು ಹೊಡೆದರೆ ಧೂಳಿಗೆ ನೀವೇ ಬಾಗಿಲು ತೆರೆದಂತೆ.

ಆರ್ಮ್ ಬುಶ್: ಬಿಗಿ ಮಾಡುವ ಎತ್ತರವೇ ಮುಖ್ಯ

ಹೊಸ ಬುಶ್ ಒಂದೇ ವರ್ಷದಲ್ಲಿ ಹರಿದರೆ ಎಲ್ಲರೂ ಬುಶ್ಶನ್ನೇ ಬೈಯುತ್ತಾರೆ. ಬಹುಪಾಲು ತಪ್ಪು ಬೋಲ್ಟ್ ಬಿಗಿ ಮಾಡಿದ ರೀತಿಯದು. ರಬ್ಬರ್ ಬುಶ್‌ನ ಒಳಕೊಳವೆ ಬೋಲ್ಟ್‌ಗೆ ಕಚ್ಚಿ ನಿಲ್ಲುತ್ತದೆ, ಹೊರಕೊಳವೆ ಆರ್ಮ್‌ಗೆ. ಆರ್ಮ್ ಏರಿ ಇಳಿದಾಗ ತಿರುಚಿಕೊಳ್ಳುವುದು ನಡುವಿನ ರಬ್ಬರ್ ಮಾತ್ರ. ಚಕ್ರ ಜೋತುಬಿದ್ದಾಗ ಬೋಲ್ಟ್ ಬಿಗಿ ಮಾಡಿದರೆ, 350 ಮಿ.ಮೀ. ಉದ್ದದ ಆರ್ಮ್ 90 ಮಿ.ಮೀ. ಕೆಳಗಿದ್ದಾಗ ಬಿಗಿ ಮಾಡಿದಂತಾಯಿತು. ಗಾಡಿ ನೆಲಕ್ಕಿಳಿದ ಕೂಡಲೇ ರಬ್ಬರ್ ಸುಮಾರು 15 ಡಿಗ್ರಿ ತಿರುಚಿಕೊಂಡು, ಗಾಡಿ ನಿಂತಾಗಲೂ ಹಾಗೇ ಇರುತ್ತದೆ. ಮೇಲೆ ಲೋಡ್ ಬಿದ್ದರೆ ಇನ್ನೂ ಹೆಚ್ಚು.

ಆದ್ದರಿಂದ ಕೆಲಸ ಶುರು ಮಾಡುವ ಮುನ್ನವೇ, ಗಾಡಿ ಸಮತಟ್ಟು ನೆಲದಲ್ಲಿ ಖಾಲಿ ನಿಂತಿದ್ದಾಗ, ಹಬ್‌ನ ನಡುಭಾಗದಿಂದ ಮಡ್‌ಗಾರ್ಡ್ ಅಂಚಿಗೆ ಎಷ್ಟಿದೆ ಎಂದು ಎರಡೂ ಬದಿ ಅಳೆದು ಬರೆದಿಡಿ. ಬುಶ್ ಹಾಕಿದ ಮೇಲೆ ಬೋಲ್ಟ್‌ಗಳನ್ನು ಕೈಬಿಗಿಯಲ್ಲಿ ಬಿಟ್ಟು, ಅದೇ ಅಳತೆ ಬರುವವರೆಗೆ ಲೋವರ್ ಆರ್ಮನ್ನು ಜಾಕ್‌ನಲ್ಲಿ ಎತ್ತಿ, ಆಗ ಟಾರ್ಕ್ ಮಾಡಿ. ಆ ಅಳತೆ ಬರುವ ಮುನ್ನವೇ ಗಾಡಿ ಸ್ಟ್ಯಾಂಡ್‌ನಿಂದ ಮೇಲೇಳತೊಡಗಿದರೆ ನಿಲ್ಲಿಸಿ; ಚಕ್ರ ಹಾಕಿ ನೆಲಕ್ಕಿಳಿಸಿ, ಗಾಡಿಯನ್ನು ಹಿಂದೆ ಮುಂದೆ ಉರುಳಿಸಿ, ಪಿಟ್ ಕೆಳಗಿನಿಂದ ಬಿಗಿ ಮಾಡಿ.

ಹಳೆಯ ಬುಶ್ ತೆಗೆಯುವ ಮುನ್ನ ಅದರಲ್ಲಿ ಟೊಳ್ಳು ಜಾಗ ಯಾವ ದಿಕ್ಕಿಗಿದೆ ಎಂದು ಗುರುತು ಹಾಕಿ, ಹೊಸದನ್ನು ಅದೇ ದಿಕ್ಕಿಗೆ ಒತ್ತಿ. ಹೊರಕೊಳವೆ ಅಂಟಿಕೊಂಡಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಒಂದು ಸೀಳು ಕೊಟ್ಟರೆ ಮಡಚಿ ಬರುತ್ತದೆ, ಆರ್ಮ್‌ಗೆ ಗೀರು ಬೀಳದಿರಲಿ. ಒಳಕ್ಕೆ ಜಾರಿಸಲು ಸೋಪುನೀರು ಸಾಕು. ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಆರ್ಮ್ ಬೋಲ್ಟ್‌ಗಳಲ್ಲಿ ಕ್ಯಾಮ್ ವಾಷರ್ ಅಥವಾ ಶಿಮ್ (ತೆಳು ತಗಡು) ಇದ್ದರೆ ಬಿಚ್ಚುವ ಮುನ್ನ ಅವುಗಳ ಸ್ಥಾನಕ್ಕೆ ಪೇಂಟ್ ಗುರುತು ಹಾಕಿ, ಶಿಮ್‌ಗಳನ್ನು ಆಯಾ ಬೋಲ್ಟ್‌ಗೇ ಕಟ್ಟಿಡಿ. ಕ್ಯಾಂಬರ್ (ಚಕ್ರದ ಒಳಹೊರ ವಾಲು) ಮತ್ತು ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಹಿಂದುಮುಂದು ವಾಲು) ಅವುಗಳಲ್ಲೇ ಇರುವುದು. ಪಾಲಿಯುರಿಥೇನ್ ಬುಶ್ ಗಟ್ಟಿ ಹೌದು, ಆದರೆ ದಿನವೂ ಲೋಡ್ ಹೊರುವ ಗಾಡಿಗೆ ಒಳ್ಳೆಯ ರಬ್ಬರ್ ಬುಶ್ಶೇ ಮೇಲು: ಕಿರುಗುಟ್ಟುವುದಿಲ್ಲ, ಅದುರನ್ನು ಚಾಸಿಗೆ ದಾಟಿಸುವುದಿಲ್ಲ.

ವೀಲ್ ಬೇರಿಂಗ್

ಹಬ್ ಯೂನಿಟ್ ಆದರೆ ಹೊಂದಿಸಲು ಏನೂ ಇಲ್ಲ, ಬದಲಿಸುವುದೇ. ಎರಡು ಟೇಪರ್ ರೋಲರ್ ಬೇರಿಂಗ್ ಇರುವ ಹಬ್ ಆದರೆ ಚಕ್ರ ತಿರುಗಿಸುತ್ತಲೇ ನಟ್ಟು ಬಿಗಿ ಮಾಡಿ ರೋಲರ್‌ಗಳನ್ನು ಕೂರಿಸಿ, ಪೂರ್ತಿ ಸಡಿಲಿಸಿ, ಮತ್ತೆ ಮ್ಯಾನುಯಲ್ ಹೇಳಿದಷ್ಟು ಮಾತ್ರ ಬಿಗಿ ಮಾಡಿ, ಲಾಕ್ ಹಾಕಿ. ಅತಿ ಬಿಗಿ ಮಾಡಿದ ಬೇರಿಂಗ್ ಸುಡುತ್ತದೆ. ಸ್ವಲ್ಪ ಓಡಿಸಿ ಬಂದು ಎರಡೂ ಹಬ್ ಮುಟ್ಟಿ ನೋಡಿ: ಒಂದೇ ಬಹಳ ಬಿಸಿಯಿದ್ದರೆ ಅದು ಬಿಗಿಯಾಗಿದೆ, ಇಲ್ಲವೇ ಬ್ರೇಕ್ ಹಿಡಿಯುತ್ತಿದೆ.

ಲೀಫ್ ಸ್ಪ್ರಿಂಗ್, ಕಿಂಗ್ ಪಿನ್ ಇರುವ ಗಾಡಿಗೆ

ಒಂದು ನಿರ್ದಿಷ್ಟ ವೇಗದಲ್ಲಿ ಗುಂಡಿ ತಾಗಿದ ಕೂಡಲೇ ಮುಂಚಕ್ರಗಳೆರಡೂ ಗಡಗಡ ನಡುಗಿ, ನಿಧಾನಿಸಿದರೆ ಮಾತ್ರ ನಿಲ್ಲುವುದು ಈ ಜಾತಿಯ ಗಾಡಿಯ ಹಳೆಯ ಕಾಯಿಲೆ. ಟೈರ್ ಬ್ಯಾಲೆನ್ಸ್‌ನಿಂದ ಶುರು ಮಾಡಿ, ಆಮೇಲೆ ಟೈ ರಾಡ್, ಶ್ಯಾಕಲ್ (ಲೀಫ್ ಸ್ಪ್ರಿಂಗಿನ ತುದಿಯ ಕೊಂಡಿ) ಬುಶ್, ಕಿಂಗ್ ಪಿನ್ ಈ ಕ್ರಮದಲ್ಲಿ ನೋಡಿ. ಕಿಂಗ್ ಪಿನ್ ಬುಶ್‌ಗಳನ್ನು ಪ್ರೆಸ್ ಮಾಡಿದ ಮೇಲೆ ಎರಡೂ ಬುಶ್ ಒಂದೇ ನೇರದಲ್ಲಿ ಬರುವಂತೆ ಎರಡರಲ್ಲೂ ಒಟ್ಟಿಗೆ ಹಾಯುವ ಒಂದು ಉದ್ದನೆಯ ರೀಮರ್ ಓಡಿಸಬೇಕು. ಒಂದೊಂದನ್ನು ಬೇರೆ ಬೇರೆ ರೀಮ್ ಮಾಡಿದರೆ ಪಿನ್ ಓರೆಯಾಗಿ ಕೂತು ಸ್ಟೇರಿಂಗ್ ಬಿಗಿಯಾಗುತ್ತದೆ. ಬುಶ್‌ನ ಗ್ರೀಸ್ ತೂತು ಚಕ್ರ ಕೂರುವ ತುಂಡು ಆಕ್ಸಲ್ ಆದ ಸ್ಟಬ್ ಆಕ್ಸಲ್‌ನ ನಿಪ್ಪಲ್ ತೂತಿಗೆ ಎದುರಾಗಿಯೇ ಕೂರಬೇಕು. ತಪ್ಪಿದರೆ ಎಷ್ಟು ಗ್ರೀಸ್ ಹೊಡೆದರೂ ಒಳಕ್ಕೆ ಹೋಗದು. ಗ್ರೀಸ್ ಹೊಡೆಯುವಾಗ ಆಕ್ಸಲ್ ಎತ್ತಿ ಚಕ್ರದ ಭಾರ ಬಿಡಿಸಿದರೆ ಅದು ಕೆಳಗಿನ ಥ್ರಸ್ಟ್ ಬೇರಿಂಗ್‌ವರೆಗೂ ತಲುಪುತ್ತದೆ.

ಗಾಡಿ ಒಂದೇ ಬದಿಗೆ ಎಳೆದರೆ ಎಡಬಲ ಎರಡೂ ಕಡೆ ಮುಂದಿನ ಹಬ್‌ನಿಂದ ಹಿಂದಿನ ಹಬ್‌ಗೆ ಟೇಪ್ ಹಿಡಿದು ಅಳೆಯಿರಿ. ವ್ಯತ್ಯಾಸ ಇದ್ದರೆ ಪ್ಲೇಟುಗಳ ನಡುವಿನ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಸರಿದಿರುವ ಸಾಧ್ಯತೆ ಹೆಚ್ಚು. ಸಡಿಲ ಯು-ಬೋಲ್ಟೇ ಅದಕ್ಕೆ ಮೂಲ. ಹೊಸ ಯು-ಬೋಲ್ಟ್ ಹಾಕಿದ ಮೇಲೆ ಲೋಡ್ ಹೊತ್ತು ಓಡಿದ ಮೊದಲ ದಿನವೇ ಮತ್ತೆ ಬಿಗಿ ಮಾಡಿ.

ಕೊನೆಗೆ ಟೋ

ಟಾರ್ಶನ್ ಬಾರ್ ಗಾಡಿಯಲ್ಲಿ ಮುಂಭಾಗ ಕುಸಿದಿದ್ದರೆ ಎತ್ತರ ಮೊದಲು ಸರಿಮಾಡಿ, ಆಮೇಲೆಯೇ ಅಲೈನ್‌ಮೆಂಟ್. ಎತ್ತರ ಬದಲಾದರೆ ಕ್ಯಾಂಬರ್, ಟೋ ಎರಡೂ ಬದಲಾಗುತ್ತವೆ.

ಯಂತ್ರದ ಬಳಿಗೆ ಹೋಗುವವರೆಗೆ ಗಾಡಿ ಓಡಿಸಬೇಕಲ್ಲ, ಅದಕ್ಕೆ ಟೇಪ್ ಸಾಕು. ಚಕ್ರ ನೇರ ಇಟ್ಟು, ಎರಡೂ ಟೈರಿನ ಹಿಂಬದಿಯಲ್ಲಿ ಹಬ್ ಎತ್ತರಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಗುರುತುಗಳ ನಡುವೆ ಅಳೆಯಿರಿ. ಗಾಡಿಯನ್ನು ಮುಂದಕ್ಕೆ ತಳ್ಳಿ ಅದೇ ಗುರುತು ಮುಂಬದಿಯಲ್ಲಿ ಅದೇ ಎತ್ತರಕ್ಕೆ ಬಂದಾಗ ಮತ್ತೆ ಅಳೆಯಿರಿ. ಗುರುತು ಅದೇ ಇರುವುದರಿಂದ ಟೈರಿನ ಸೊಟ್ಟ ಅಳತೆಗೆ ಸೇರುವುದಿಲ್ಲ. ಮುಂದಿನ ಅಳತೆ ಕಡಿಮೆ ಬಂದರೆ ಟೋ-ಇನ್, ಹೆಚ್ಚು ಬಂದರೆ ಟೋ-ಔಟ್. ಒಟ್ಟು 3 ಮಿ.ಮೀ. ತಪ್ಪು ಅಲ್ಪ ಎನಿಸಬಹುದು. 700 ಮಿ.ಮೀ. ವ್ಯಾಸದ ಟೈರಿನಲ್ಲಿ ಅದರಿಂದ ಪ್ರತಿ ಚಕ್ರ ಕಿಲೋಮೀಟರಿಗೆ ಸುಮಾರು 2 ಮೀಟರ್ ಪಕ್ಕಕ್ಕೆ ಉಜ್ಜಿಕೊಳ್ಳುತ್ತ ಹೋಗುತ್ತದೆ.

ಹೊಂದಿಸುವಾಗ ಎರಡೂ ಬದಿಯ ರಾಡುಗಳನ್ನು ಸಮನಾಗಿ ತಿರುಗಿಸಿ. ಒಂದನ್ನೇ ತಿರುಗಿಸಿದರೆ ಟೋ ಸರಿಯಾದರೂ ಸ್ಟೇರಿಂಗ್ ವೀಲ್ ಓರೆ ನಿಲ್ಲುತ್ತದೆ. ರ‍್ಯಾಕ್ ಬೂಟ್ ತಿರುಚಿಕೊಂಡಿದ್ದರೆ ಕ್ಲಿಪ್ ಸಡಿಲಿಸಿ ನೇರ ಮಾಡಿ. 100 ಕಿ.ಮೀ. ಓಡಿದ ಮೇಲೆ ವೀಲ್ ನಟ್, ಲಾಕ್ ನಟ್, ಆರ್ಮ್ ಬೋಲ್ಟ್‌ಗಳಿಗೆ ಮತ್ತೊಮ್ಮೆ ಟಾರ್ಕ್ ಪಾನಾ ಹಾಕಿ. ಬಿಗಿ ಮಾಡಿದ ಪ್ರತಿ ನಟ್ಟಿನಿಂದ ಅದು ಕೂತ ಲೋಹದವರೆಗೆ ಪೇಂಟಿನ ಒಂದು ಗೆರೆ ಎಳೆದಿಟ್ಟರೆ, ಮುಂದಿನ ಸರ್ವಿಸ್‌ನಲ್ಲಿ ಯಾವುದು ಸಡಿಲವಾಗಿದೆ ಎಂದು ಪಾನಾ ಹಾಕದೆಯೇ ಕಾಣುತ್ತದೆ.